ಕಡಲ ವಿದ್ಯೆ ಕರಿಹಲಗೆಗೆ ಬಂದ ಬಗೆ
ವಿಜ್ಞಾನಿಗಳೂ ಉಪಾಧ್ಯಾಯರೂ ಕೈಗೂಡಿಸಿದರೆ ಜನಸಾಮಾನ್ಯರಿಗೇನು ಲಾಭ?

“ಸಮುದ್ರದ ನೆಂಟಸ್ತನ, ಉಪ್ಪಿಗೆ ಬಡತನ” ಎಂಬ ಗಾದೆಯು ನಮ್ಮಲ್ಲಿ ಬಹುಕಾಲದಿಂದ ರೂಢಿಯಲ್ಲಿದೆ. ಮುಂಬಯಿಯಲ್ಲಿ ನೆಲೆಸಿರುವ ಕನ್ನಡಿಗರಿಗೆ ಈ ಮಾತು ಒಪ್ಪುವಷ್ಟು ಮತ್ತಾರಿಗೂ ಒಪ್ಪಲಾರದೇನೋ! ನಮ್ಮವರಲ್ಲಿ ಬಹುಮಂದಿ ಮಂಗಳೂರು, ಉಡುಪಿ, ಕುಂದಾಪುರ, ಕಾರವಾರಗಳ ಕಡೆಯವರು. ತೆರೆಗಳ ಮೊರೆತವನ್ನು ಕೇಳುತ್ತಲೇ ಹುಟ್ಟಿ ಬೆಳೆದವರು. ನಮ್ಮ ಹಿರಿಯರಲ್ಲಿ ಅನೇಕರು ಹೊಟ್ಟೆಪಾಡಿಗಾಗಿ ಈ ಮಹಾನಗರಕ್ಕೆ ಬಂದುದೂ ಉಗಿಹಡಗಿನಲ್ಲಿಯೇ. ಬಂದು ಸೇರಿದ ಊರಾದರೂ ಮೂರು ದಿಕ್ಕುಗಳಲ್ಲಿ ನೀರಿನಿಂದ ಬಳಸಲ್ಪಟ್ಟ ಊರು. ಇಷ್ಟೊಂದು ನೆಂಟಸ್ತನವಿದ್ದರೂ, ಕಡಲಿನ ಭರತವು ದಿನದಿನಕ್ಕೂ ಹೊತ್ತು ಸರಿದು ಬರುವುದೇಕೆ, ಒಂದು ವರ್ಷ ರಾಶಿರಾಶಿಯಾಗಿ ಸಿಕ್ಕುವ ಬೂತಾಯಿ ಮೀನು ಮತ್ತೊಂದು ವರ್ಷ ಮಾಯವಾಗುವುದೇಕೆ, ಆಷಾಢದ ಮಳೆಗೂ ಅರಬ್ಬಿ ಸಮುದ್ರಕ್ಕೂ ಇರುವ ನಂಟೇನು ಎಂದು ಯಾರಾದರೂ ಕೇಳಿದರೆ, ನಮ್ಮಲ್ಲಿ ಸಮರ್ಪಕವಾಗಿ ಉತ್ತರಿಸಬಲ್ಲವರು ಬೆರಳೆಣಿಕೆಯಷ್ಟು ಮಂದಿ ಮಾತ್ರ.

ಹಾಗೆಂದು ಈ ಪ್ರಶ್ನೆಗಳಿಗೆ ಉತ್ತರ ಬಲ್ಲವರು ನಮ್ಮ ದೇಶದಲ್ಲಿ ಇಲ್ಲವೆಂದಲ್ಲ. ಕೇಂದ್ರೀಯ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆಯು 1947ರಲ್ಲಿಯೇ ಸ್ಥಾಪನೆಗೊಂಡಿತು. ಅದರ ಶಾಖೆಗಳು ಮಂಗಳೂರಿನಲ್ಲಿಯೂ ಕಾರವಾರದಲ್ಲಿಯೂ ಇವೆ. ಹಿಂದೂ ಮಹಾಸಾಗರದ ಅಂತರರಾಷ್ಟ್ರೀಯ ಅನ್ವೇಷಣೆಯ ಬೆನ್ನಿಗೇ 1966ರ ಜನವರಿ 1ರಂದು ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆಯು ಜನ್ಮ ತಾಳಿತು. ಗೋವೆಯಲ್ಲಿ ಅದರ ಮುಖ್ಯ ನೆಲೆ. ಸಾಗರದ ಮಾಹಿತಿಯನ್ನು ಸಂಗ್ರಹಿಸಿ ಹಂಚುವ ಇನ್ಕಾಯಿಸ್ ಎಂಬ ಕೇಂದ್ರವು 1999ರಿಂದ ಹೈದರಾಬಾದಿನಲ್ಲಿದೆ. ವಿದ್ಯೆಗೆ ಕೊರತೆಯಿಲ್ಲ, ವಿದ್ವಾಂಸರಿಗೂ ಕೊರತೆಯಿಲ್ಲ. ಆದರೆ ಅವರು ಕಂಡುಹಿಡಿದುದು ಇಂಗ್ಲಿಷಿನ ಪ್ರೌಢ ಪ್ರಬಂಧಗಳಲ್ಲಿ ಉಳಿದುಬಿಟ್ಟರೆ, ದಂಡೆಯ ಮೇಲೆ ನಿಂತ ಮನುಷ್ಯನಿಗೆ ಅದರಿಂದ ಬಂದ ಭಾಗ್ಯವೇನು? ಉಗ್ರಾಣದಲ್ಲಿ ಅಕ್ಕಿಯಿದ್ದ ಮಾತ್ರಕ್ಕೆ ಪಂಕ್ತಿಯಲ್ಲಿ ಕುಳಿತವನ ಹಸಿವು ಹಿಂಗುವುದಿಲ್ಲವಷ್ಟೆ.

ಉಗ್ರಾಣದಿಂದ ಎಲೆಯವರೆಗೆ ಈ ವಿದ್ಯೆಯನ್ನು ತರುವ ಕೆಲಸ ಯಾರದು? ವಿಜ್ಞಾನಿಯದೆ, ಉಪಾಧ್ಯಾಯನದೆ? ಇಬ್ಬರೂ ಸೇರಿದಲ್ಲದೆ ಆಗದು ಎಂಬುದನ್ನು ಕಳೆದ ಕಾಲು ಶತಮಾನದ ಅನುಭವವು ತೋರಿಸಿಕೊಟ್ಟಿದೆ. ಆ ಅನುಭವದ ಕಥನವೇ ಈ ಲೇಖನದ ಉದ್ದೇಶ.

ಎರಡು ವಾರದ ಹಿಂದಿನ ಪಾಠ

2004ನೆಯ ಇಸವಿ ಡಿಸೆಂಬರ್ 26ರ ದುರಂತವನ್ನು ವಾಚಕರು ಮರೆತಿರಲಾರರು. ಸುಮಾತ್ರಾ ದ್ವೀಪದ ಬಳಿ ಕಡಲ ತಳವು ಕಂಪಿಸಿದುದು ನಮ್ಮ ಗಡಿಯಾರದಂತೆ ಬೆಳಗಿನ ಆರೂವರೆಯ ಸುಮಾರಿಗೆ. ಅದರಿಂದೆದ್ದ ಸುನಾಮಿ ತೆರೆಗಳು ತಮಿಳುನಾಡಿನ ತೀರಕ್ಕೆ ಬಂದು ಅಪ್ಪಳಿಸಲು ಎರಡು ಗಂಟೆಗೂ ಹೆಚ್ಚು ಕಾಲ ಹಿಡಿಯಿತು. ಎರಡು ಗಂಟೆಯೆಂದರೆ ಅಲ್ಪ ಸಮಯವಲ್ಲ. ಆ ಅವಧಿಯಲ್ಲಿ ಒಂದು ಊರಿಗೆ ಊರೇ ಎದ್ದು ಎತ್ತರದ ನೆಲಕ್ಕೆ ನಡೆದುಹೋಗಬಹುದಾಗಿತ್ತು. ಆದರೆ ಎಚ್ಚರಿಕೆಯ ಮಾತೊಂದೂ ದಂಡೆಗೆ ಬರಲಿಲ್ಲ. ಹಲವು ದೇಶಗಳಲ್ಲಿ ಕೂಡಿ ಸುಮಾರು 2,30,000 ಜನರು ಪ್ರಾಣ ಕಳೆದುಕೊಂಡರು. ನಮ್ಮ ದೇಶವೊಂದರಲ್ಲಿಯೇ ಹತ್ತು ಸಾವಿರಕ್ಕೂ ಮಿಕ್ಕಿದವರು ಅಸುನೀಗಿದರು.

ಅದೇ ದಿನ ಥಾಯ್ಲೆಂಡಿನ ಫುಕೆಟ್ ದ್ವೀಪದ ಮೈಖಾವೊ ಎಂಬ ಕಡಲತೀರದಲ್ಲಿ ಇಂಗ್ಲೆಂಡಿನ ಹತ್ತು ವರ್ಷದ ಬಾಲಿಕೆ ಟಿಲ್ಲಿ ಸ್ಮಿತ್ ತಂದೆತಾಯಿಯರೊಡನೆ ವಿಹರಿಸುತ್ತಿದ್ದಳು. ನೀರು ನೊರೆನೊರೆಯಾಗಿ ಕುದಿಯುವಂತೆ ಕಾಣುತ್ತಿದ್ದುದನ್ನೂ, ತೆರೆಯು ಬಂದು ಹಿಂದಕ್ಕೆ ಸರಿಯದೆ ಮೇಲಮೇಲಕ್ಕೇ ಏರುತ್ತಿದ್ದುದನ್ನೂ ಆಕೆ ಗಮನಿಸಿದಳು. ಎರಡು ವಾರಗಳ ಹಿಂದಷ್ಟೇ ಶಾಲೆಯಲ್ಲಿ ಭೂಗೋಳದ ಉಪಾಧ್ಯಾಯರು ಸುನಾಮಿಯ ಲಕ್ಷಣಗಳನ್ನು ವಿವರಿಸಿ, 1946ರಲ್ಲಿ ಹವಾಯಿ ದ್ವೀಪಗಳನ್ನು ಹೊಡೆದ ತೆರೆಗಳ ಚಿತ್ರವನ್ನು ತೋರಿಸಿದ್ದರು. ಹುಡುಗಿ ಕೂಗಿ ತಂದೆತಾಯಿಯರನ್ನು ಎಚ್ಚರಿಸಿದಳು. ಅವರು ಹೋಟೆಲಿನ ಸಿಬ್ಬಂದಿಗೆ ತಿಳಿಸಿದರು. ಸುಮಾರು ನೂರು ಮಂದಿ ತೀರವನ್ನು ತೆರವು ಮಾಡಿ ಬದುಕಿಕೊಂಡರು. ಈ ನೂರು ಜೀವಗಳನ್ನು ಉಳಿಸಿದುದು ಯಾವ ಯಂತ್ರವೂ ಅಲ್ಲ. ಕರಿಹಲಗೆಯ ಮುಂದೆ ನಡೆದ ಒಂದು ಪಾಠ. ಆ ಮಾತನ್ನು ನಂಬಿ ಕೂಡಲೇ ಜನರನ್ನು ತೀರದಿಂದ ಎಬ್ಬಿಸಿದವರಲ್ಲಿ ಹೋಟೆಲಿನ ನೌಕರರೂ ಇದ್ದರೆಂಬುದನ್ನು ನಮ್ಮ ವಾಚಕರು ವಿಶೇಷವಾಗಿ ನೆನಪಿಡಬೇಕು.

ಸುಮಾತ್ರಾದ ಪಕ್ಕದ ಸಿಮೆಯುಲು ಎಂಬ ದ್ವೀಪದ ಕಥೆಯೂ ಇದಕ್ಕೆ ಸಮನಾದುದು. 1907ರಲ್ಲಿ ಅಲ್ಲಿಗೆ ಸುನಾಮಿ ಬಂದು ಅಪಾರ ಜೀವಹಾನಿಯಾಗಿತ್ತು. ಅಂದಿನಿಂದ ಅಜ್ಜ ಅಜ್ಜಿಯರು ‘ಸ್ಮೋಂಗ್’ ಎಂಬ ಹೆಸರಿನಿಂದ ಆ ಕಥೆಯನ್ನು ಮೊಮ್ಮಕ್ಕಳಿಗೆ ಹೇಳುತ್ತ ಬಂದರು: ನೆಲ ನಡುಗಿದರೆ, ಕಡಲು ಹಿಂದೆ ಸರಿದರೆ, ಗುಡ್ಡಕ್ಕೆ ಓಡಬೇಕು. 2004ರಲ್ಲಿ ಭೂಕಂಪದ ಅತಿ ಸಮೀಪದಲ್ಲಿಯೇ ಇದ್ದ ಆ ದ್ವೀಪದ ಸುಮಾರು 78,000 ನಿವಾಸಿಗಳಲ್ಲಿ ಸತ್ತವರು ಏಳು ಮಂದಿ.

ಇಲ್ಲೊಂದು ಸೂಕ್ಷ್ಮವಿದೆ. ಥಾಯ್ಲೆಂಡಿನ ಹಲವೆಡೆ ಕಡಲು ಮೊದಲು ಹಿಂದೆ ಸರಿಯಿತು. ಆಮೇಲೆ ತೆರೆ ಬಂದಿತು. ಭಾರತದ ಕಡೆಗಾದರೋ ಮೊದಲು ಬಂದುದೇ ಏರಿದ ನೀರು. “ಕಡಲು ಹಿಂದೆ ಸರಿದರೆ ಮಾತ್ರ ಓಡಿರಿ” ಎಂದು ನಮ್ಮ ಮಕ್ಕಳಿಗೆ ಅರೆಬರೆಯಾಗಿ ಕಲಿಸಿದರೆ ಅದು ಅಪಾಯಕ್ಕೇ ಎಡೆಗೊಟ್ಟೀತು. ಯಾವ ತೀರದಲ್ಲಿ ಯಾವ ಲಕ್ಷಣವನ್ನು ಕಲಿಸಬೇಕೆಂಬುದನ್ನು ಹೇಳಬಲ್ಲವನು ವಿಜ್ಞಾನಿ. ಅದನ್ನು ಹತ್ತು ವರ್ಷದ ಮಗುವು ಎರಡು ವಾರವಾದರೂ ಮರೆಯದಂತೆ ಕಲಿಸಬಲ್ಲವನು ಉಪಾಧ್ಯಾಯ. ಒಬ್ಬನನ್ನು ಬಿಟ್ಟರೆ ಮತ್ತೊಬ್ಬನ ಕೆಲಸ ಅಪೂರ್ಣ. ಪಶ್ಚಿಮ ಕರಾವಳಿಯವರಿಗೆ ಈ ಭಯವಿಲ್ಲವೆಂದು ಭಾವಿಸುವಂತೆಯೂ ಇಲ್ಲ. 1945ರ ನವೆಂಬರ್ 28ರಂದು ಮಕ್ರಾನ್ ತೀರದಲ್ಲಾದ ಭೂಕಂಪದಿಂದೆದ್ದ ತೆರೆಗಳು ಮುಂಬಯಿಯವರೆಗೂ ಬಂದು ಇಲ್ಲಿಯೂ ಜೀವಹಾನಿ ಮಾಡಿದ್ದವು.

ಅಮೆರಿಕದಲ್ಲಿ ನಡೆದ ಪ್ರಯೋಗ

ವಿಜ್ಞಾನಿಗಳನ್ನೂ ಉಪಾಧ್ಯಾಯರನ್ನೂ ಒಂದೇ ಮೇಜಿನ ಸುತ್ತ ಕೂಡಿಸುವ ಕಾರ್ಯವು ದೊಡ್ಡ ಪ್ರಮಾಣದಲ್ಲಿ ನಡೆದುದು ಅಮೆರಿಕ ದೇಶದಲ್ಲಿ. ಅಲ್ಲಿ ಶಾಲೆಗಳ ವಿಜ್ಞಾನ ಬೋಧನೆಗಾಗಿ 1996ರಲ್ಲಿ ರಾಷ್ಟ್ರೀಯ ಮಾನದಂಡಗಳನ್ನು ಪ್ರಕಟಿಸಿದಾಗ, ಅವುಗಳಲ್ಲಿ ಸಮುದ್ರದ ಪ್ರಸ್ತಾಪವು ಅತ್ಯಲ್ಪವಾಗಿತ್ತು. ಭೂಮಿಯ ಮೇಲ್ಮೈಯ ನೂರಕ್ಕೆ ಎಪ್ಪತ್ತರಷ್ಟನ್ನು ಆವರಿಸಿರುವ ವಸ್ತುವಿಗೆ ಪಾಠಪಟ್ಟಿಯಲ್ಲಿ ಮೂಲೆಯ ಸ್ಥಾನ! ಮರುವರ್ಷ, ಎಂದರೆ 1997ರಲ್ಲಿ, ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನವು ಸಂಶೋಧನೆಗೆ ಹಣ ಬೇಡುವವರಿಗೆ ಎರಡು ಪ್ರಶ್ನೆಗಳನ್ನು ಮುಂದಿಟ್ಟಿತು. ನಿಮ್ಮ ಸಂಶೋಧನೆಯಲ್ಲಿ ವಿದ್ವತ್ತಿನ ಸತ್ವವೆಷ್ಟು ಎಂಬುದು ಮೊದಲನೆಯದು. ಅದರಿಂದ ಸಮಾಜಕ್ಕೆ ಆಗುವ ವ್ಯಾಪಕ ಪ್ರಯೋಜನವೇನು ಎಂಬುದು ಎರಡನೆಯದು.

ಎರಡನೆಯ ಪ್ರಶ್ನೆಯು ಅನೇಕ ವಿಜ್ಞಾನಿಗಳನ್ನು ಇಕ್ಕಟ್ಟಿಗೆ ಸಿಕ್ಕಿಸಿತು. ಹಡಗಿನಲ್ಲಿ ತಿಂಗಳುಗಟ್ಟಲೆ ತೇಲಿ, ಮೈಲಿಗಟ್ಟಲೆ ಆಳದ ನೀರನ್ನು ಅಳೆದು ತೂಗಬಲ್ಲ ಪಂಡಿತರು, ಆರನೆಯ ತರಗತಿಯ ಮಕ್ಕಳ ಮುಂದೆ ನಿಂತೊಡನೆ ಮಾತು ತೊದಲುವ ಸ್ಥಿತಿ. ಅವರ ಒಂದು ವಾಕ್ಯದಲ್ಲಿ ನಾಲ್ಕು ಪಾರಿಭಾಷಿಕ ಪದಗಳು. ಉಪಾಧ್ಯಾಯರ ಕಷ್ಟ ಬೇರೆ ಬಗೆಯದು. ಅವರಲ್ಲಿ ಬಹಳ ಮಂದಿ ತಾವೇ ಸಮುದ್ರಶಾಸ್ತ್ರವನ್ನು ಓದಿದವರಲ್ಲ. ಪಾಠಪಟ್ಟಿಯಲ್ಲಿಲ್ಲದ ವಿಷಯಕ್ಕೆ ಸಮಯವನ್ನು ಎಲ್ಲಿಂದ ತರಬೇಕು? ಪಂಡಿತನನ್ನು ಪ್ರಶ್ನಿಸಿದರೆ ತನ್ನ ಅಜ್ಞಾನ ಬಯಲಾದೀತೆಂಬ ಸಂಕೋಚವೂ ಇಲ್ಲದಿರಲಿಲ್ಲ.

ಈ ಕಂದರಕ್ಕೆ ಸೇತುವೆ ಕಟ್ಟುವ ವಿಚಾರವಾಗಿ 2000ನೆಯ ಇಸವಿಯಲ್ಲಿ ಉಭಯ ಪಕ್ಷದವರೂ ಸಭೆ ಸೇರಿ ಚರ್ಚಿಸಿದರು. ತತ್ಫಲವಾಗಿ 2002ರಲ್ಲಿ ‘ಕೋಸೀ’ ಎಂಬ ಹ್ರಸ್ವನಾಮದ ಕೇಂದ್ರಗಳ ಜಾಲವೊಂದು ಸ್ಥಾಪಿತವಾಯಿತು. ಸಾಗರವಿಜ್ಞಾನ ಶಿಕ್ಷಣದ ಉತ್ಕರ್ಷ ಕೇಂದ್ರಗಳೆಂದು ಅದರ ಅರ್ಥ. ಆರಂಭದಲ್ಲಿ ಏಳು ಕೇಂದ್ರಗಳು. ಬಳಿಕ ಅವುಗಳ ಸಂಖ್ಯೆ ಬೆಳೆಯಿತು. ವಿಶ್ವವಿದ್ಯಾನಿಲಯ, ಸಂಶೋಧನಾಲಯ, ಮತ್ಸ್ಯಾಗಾರ, ವಸ್ತುಸಂಗ್ರಹಾಲಯ, ಶಾಲೆ – ಇವೆಲ್ಲವೂ ಒಂದೊಂದು ಕೇಂದ್ರದಲ್ಲಿ ಪಾಲುದಾರರು. ವಿಜ್ಞಾನಿಯು ಬಂದು ಉಪನ್ಯಾಸ ಮಾಡಿ ಹೊರಟುಹೋಗುವುದಲ್ಲ. ವಿಜ್ಞಾನಿಯೂ ಉಪಾಧ್ಯಾಯನೂ ಸರಿಸಮಾನರಾಗಿ ಕುಳಿತು ಪಾಠವನ್ನು ಕೂಡಿಯೇ ರಚಿಸುವುದು. ಇದೇ ಆ ಯೋಜನೆಯ ತಿರುಳು.

ಅಡುಗೆಯವನೂ ಬಡಿಸುವವನೂ

ಮೇಯ್ನ್ ವಿಶ್ವವಿದ್ಯಾನಿಲಯವನ್ನು ಆಶ್ರಯಿಸಿದ್ದ ಒಂದು ಕೇಂದ್ರದವರು ಅನುಸರಿಸಿದ ಕ್ರಮವು ಬಹಳ ಸ್ವಾರಸ್ಯಕರವಾಗಿದೆ. ಅವರು ವಿಜ್ಞಾನಿಗಳಿಗೆ, “ನಿಮ್ಮ ವಿಷಯವನ್ನು ಒಂದೇ ಹಾಳೆಯಲ್ಲಿ ನಕ್ಷೆಯಂತೆ ಬರೆಯಿರಿ” ಎಂದರು. ಒಂದೊಂದು ವಿಚಾರವನ್ನು ಒಂದೊಂದು ಚೌಕದಲ್ಲಿಟ್ಟು, ಚೌಕದಿಂದ ಚೌಕಕ್ಕೆ ಗೆರೆಯೆಳೆದು, ಆ ಗೆರೆಯ ಮೇಲೆ ಸಂಬಂಧವನ್ನು ಸೂಚಿಸುವ ಮಾತನ್ನು ಬರೆಯಬೇಕು. ಸೂರ್ಯನ ಶಾಖವು ನೀರನ್ನು ‘ಕಾಯಿಸುತ್ತದೆ’, ಕಾದ ನೀರು ಗಾಳಿಗೆ ತೇವವನ್ನು ‘ಕೊಡುತ್ತದೆ’, ಹೀಗೆ. ಈ ನಕ್ಷೆಯನ್ನು ಉಪಾಧ್ಯಾಯರ ಮುಂದಿಟ್ಟಾಗ ಅವರು ತಮ್ಮ ಅಭಿಪ್ರಾಯವನ್ನು ನಿಸ್ಸಂಕೋಚವಾಗಿ ತಿಳಿಸಬೇಕು: ಈ ಪದ ನಮಗೆ ತಿಳಿಯಲಿಲ್ಲ, ಈ ಗೆರೆ ಏಕೆಂದು ಗೊತ್ತಾಗಲಿಲ್ಲ, ಮಕ್ಕಳು ಇಲ್ಲಿ ಎಡವುತ್ತಾರೆ. ಬಳಿಕ ಇಬ್ಬರೂ ಕೂಡಿ ನಕ್ಷೆಯನ್ನು ತಿದ್ದಬೇಕು. ಹೀಗೆ ತಿದ್ದುವಾಗ ತಮ್ಮ ವಿಷಯವೇ ತಮಗೆ ಹೆಚ್ಚು ನಿಚ್ಚಳವಾಯಿತೆಂದು ಎಷ್ಟೋ ವಿಜ್ಞಾನಿಗಳು ಕಂಡುಕೊಂಡರು.

ಇದು ಹೋಟೆಲಿನವರಿಗೆ ಹೊಸ ಮಾತೇನೂ ಅಲ್ಲ. ಒಳಗೆ ಒಲೆಯ ಮುಂದೆ ನಿಂತ ಭಟ್ಟರಿಗೆ ಸಾಂಬಾರಿನ ಹದ ಚೆನ್ನಾಗಿ ಗೊತ್ತು. ಆದರೆ ಗಿರಾಕಿಯ ಮುಖವನ್ನು ಕಾಣುವವನು ಸಪ್ಲಾಯರನು. ಮೂರನೆಯ ಮೇಜಿನ ಗಿರಾಕಿ ತಟ್ಟೆಯಲ್ಲಿ ಅರ್ಧ ಬಿಟ್ಟೆದ್ದುದು ಏಕೆಂಬ ವರದಿ ಅವನಿಂದಲೇ ಒಳಕ್ಕೆ ಹೋಗಬೇಕು. ಭಟ್ಟರು ಅದನ್ನು ಕೇಳಿಸಿಕೊಳ್ಳುವ ಹೋಟೆಲು ಊರ್ಜಿತವಾಗುತ್ತದೆ, “ನನಗೆ ಹೇಳಿಕೊಡಲು ನೀನಾರು?” ಎನ್ನುವಲ್ಲಿ ಗಲ್ಲಾ ಬರಿದಾಗುತ್ತದೆ. ವಿದ್ಯೆಯ ವ್ಯಾಪಾರದಲ್ಲಿಯೂ ಇದೇ ನಿಯಮವೆಂದು ತೋರುತ್ತದೆ.

ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿರುವ ಲಾರೆನ್ಸ್ ಹಾಲ್ ಆಫ್ ಸಯನ್ಸ್ ಎಂಬ ಸಂಸ್ಥೆಯವರು ಇನ್ನೊಂದು ದಾರಿ ಹಿಡಿದರು. ಕಾಲೇಜಿನಲ್ಲಿ ಸಮುದ್ರವಿಜ್ಞಾನವನ್ನು ಓದುವ ತರುಣರಿಗಾಗಿಯೇ ಒಂದು ಪಾಠಕ್ರಮವನ್ನು ಏರ್ಪಡಿಸಿದರು. ಅದನ್ನು ಬೋಧಿಸುವವರು ಇಬ್ಬರು: ಒಬ್ಬ ವಿಜ್ಞಾನಿ, ಒಬ್ಬ ಶಿಕ್ಷಣತಜ್ಞ. ವಿದ್ಯಾರ್ಥಿಗಳು ಕಲಿತುದನ್ನು ಶಾಲೆಗಳಿಗೆ ಹೋಗಿ ಮಕ್ಕಳ ಮುಂದೆ ಪ್ರಯೋಗಿಸಿ ತೋರಿಸಬೇಕು. ನಾಳಿನ ವಿಜ್ಞಾನಿಗೆ ಇಂದೇ ಮಾತು ಕಲಿಸುವ ಈ ಉಪಾಯವು ದೂರದೃಷ್ಟಿಯಿಂದ ಕೂಡಿದುದೆಂದು ಹೇಳಬೇಕು.

ಉಪಾಧ್ಯಾಯರನ್ನೇ ಹಡಗಿಗೆ ಹತ್ತಿಸುವ ಕ್ರಮವೂ ಉಂಟು. ಅಮೆರಿಕದ ಸಾಗರ ಮತ್ತು ವಾಯುಮಂಡಲ ಇಲಾಖೆಯು 1990ರಲ್ಲಿ ಆರಂಭಿಸಿದ ಯೋಜನೆಯಂತೆ ಶಾಲಾ ಉಪಾಧ್ಯಾಯರು ಸಂಶೋಧನೆಯ ಹಡಗುಗಳಲ್ಲಿ ವಾರಗಟ್ಟಲೆ ಇದ್ದು ವಿಜ್ಞಾನಿಗಳೊಡನೆ ಹಗಲಿರುಳು ಕೆಲಸ ಮಾಡಿದರು. ಕಡಲ ತಳವನ್ನು ಕೊರೆಯುವ ‘ಜಾಯ್ಡಿಸ್ ರೆಸಲ್ಯೂಶನ್’ ಎಂಬ ಹಡಗಿನಲ್ಲಿ 2005ರಿಂದ ಉಪಾಧ್ಯಾಯರಿಗಾಗಿ ‘ಬಂಡೆಗಳ ಶಾಲೆ’ಯೇ ನಡೆಯಿತು. 2024ರಲ್ಲಿ ಕೊರೆಯುವ ಕಾರ್ಯದಿಂದ ನಿವೃತ್ತವಾದ ಈ ಹಡಗು 2015ರಲ್ಲಿ ನಮ್ಮ ಅರಬ್ಬಿ ಸಮುದ್ರಕ್ಕೂ ಬಂದು, ತಳದ ಕೆಸರನ್ನು ಕೊರೆದು ತೆಗೆದಿತ್ತು. ಲಕ್ಷಾಂತರ ವರ್ಷಗಳಲ್ಲಿ ಮುಂಗಾರು ಮಳೆಯು ಹೇಗೆ ಹೆಚ್ಚಿತು, ಹೇಗೆ ಕುಗ್ಗಿತು ಎಂಬ ಲೆಕ್ಕವು ಆ ಕೆಸರಿನ ಪದರುಗಳಲ್ಲಿ ಅಡಗಿರುತ್ತದೆ. ನಮ್ಮ ಮಳೆಯ ಕಡತವು ಕಡಲ ತಳದಲ್ಲಿದೆಯೆಂದರೆ ಗುಮಾಸ್ತರಾದ ಮಿತ್ರರಿಗೆ ಚೋದ್ಯವೆನಿಸಬಹುದು!

ಏಳು ಸೂತ್ರಗಳು

ಈ ಎಲ್ಲ ಪ್ರಯತ್ನಗಳಿಂದ ದೊರೆತ ಅತ್ಯಂತ ಬೆಲೆಯುಳ್ಳ ಫಲವೆಂದರೆ ಚಿಕ್ಕದೊಂದು ಪುಸ್ತಿಕೆ. 2004ರಲ್ಲಿ ಸುಮಾರು ನೂರು ಮಂದಿ ವಿಜ್ಞಾನಿಗಳೂ ಶಿಕ್ಷಕರೂ ಕೂಡಿ, ‘ಸಮುದ್ರದ ವಿಷಯವಾಗಿ ಪ್ರತಿಯೊಬ್ಬನೂ ತಿಳಿದಿರಲೇಬೇಕಾದುದು ಯಾವುದು?’ ಎಂದು ವಾದಿಸಿ, ಸೋಸಿ, 2005ರಲ್ಲಿ ಏಳು ಸೂತ್ರಗಳನ್ನು ಪ್ರಕಟಿಸಿದರು. ಅವುಗಳ ಸಾರಾಂಶವಿದು: ಭೂಮಿಗೆ ಇರುವುದು ಒಂದೇ ಮಹಾಸಾಗರ, ಹೆಸರು ಮಾತ್ರ ಹಲವು. ಸಾಗರವೂ ಅದರ ಜೀವರಾಶಿಯೂ ಭೂಮಿಯ ರೂಪವನ್ನು ತಿದ್ದುತ್ತವೆ. ಮಳೆ, ಗಾಳಿ, ಹವಾಮಾನಗಳ ಮೇಲೆ ಸಾಗರದ ಪ್ರಭಾವವು ಹಿರಿದು. ಭೂಮಿಯು ವಾಸಯೋಗ್ಯವಾದುದು ಸಾಗರದಿಂದ. ಸಾಗರವು ಅಸಂಖ್ಯ ಬಗೆಯ ಜೀವಿಗಳ ಆಶ್ರಯ. ಸಾಗರಕ್ಕೂ ಮಾನವನಿಗೂ ಇರುವ ಸಂಬಂಧ ಬಿಡಿಸಲಾರದುದು. ಸಾಗರದ ಬಹುಭಾಗವನ್ನು ಇನ್ನೂ ಯಾರೂ ಶೋಧಿಸಿಲ್ಲ.

ಓದಲು ಇವು ಸರಳ. ಆದರೆ ಈ ಸರಳತೆಗೆ ಬರಲು ಪಂಡಿತರು ಎಷ್ಟನ್ನು ಬಿಟ್ಟುಕೊಡಬೇಕಾಯಿತೆಂಬುದು ಬರೆಯುವ ಕಸುಬಿನವರಿಗೆ ತಿಳಿದೀತು. ಕಡಲು ನಮ್ಮ ಮೇಲೆ ಮಾಡುವ ಪ್ರಭಾವವನ್ನೂ, ನಾವು ಕಡಲಿನ ಮೇಲೆ ಮಾಡುವ ಪ್ರಭಾವವನ್ನೂ ಅರಿತುಕೊಳ್ಳುವುದೇ ಸಾಗರ ಸಾಕ್ಷರತೆಯೆಂದು ಅವರು ವ್ಯಾಖ್ಯಾನಿಸಿದರು. ಮುಂದೆ 2017ರಲ್ಲಿ ಯುನೆಸ್ಕೊ ಸಂಸ್ಥೆಯು ಎಲ್ಲ ದೇಶಗಳ ಉಪಯೋಗಕ್ಕಾಗಿ ಸಾಗರ ಸಾಕ್ಷರತೆಯ ಕೈಪಿಡಿಯನ್ನು ಹೊರತಂದಿತು. 2021ರಿಂದ 2030ರವರೆಗಿನ ದಶಕವನ್ನು ವಿಶ್ವಸಂಸ್ಥೆಯು ಸಾಗರವಿಜ್ಞಾನದ ದಶಕವೆಂದು ಸಾರಿದೆ.

ಅಮೆರಿಕದ ಕೇಂದ್ರಗಳಿಗೆ ದೊರೆಯುತ್ತಿದ್ದ ಮೂಲ ಧನಸಹಾಯವು ಒಂದು ದಶಕದ ತರುವಾಯ ನಿಂತಿತು. ಹಣದ ಆಸರೆ ತಪ್ಪಿದರೂ ಉಳಿದುಕೊಂಡುದು ಯಾವುದು ಎಂದು ನೋಡಿದರೆ ಏಳು ಸೂತ್ರಗಳು, ಪಾಠಕ್ರಮಗಳು ಮತ್ತು ಪರಸ್ಪರ ಪರಿಚಿತರಾದ ವಿಜ್ಞಾನಿ-ಉಪಾಧ್ಯಾಯರ ಸ್ನೇಹ. ಕಟ್ಟಡಕ್ಕಿಂತ ಒಕ್ಕಲು ಮುಖ್ಯವೆಂಬುದಕ್ಕೆ ಇದೊಂದು ನಿದರ್ಶನ.

ನಮ್ಮ ದೇಶದಲ್ಲಿ

ಭಾರತದಲ್ಲಿಯೂ ಈ ದಿಕ್ಕಿನಲ್ಲಿ ಹೆಜ್ಜೆಗಳು ಬಿದ್ದಿವೆ. ವೈಜ್ಞಾನಿಕ ಮತ್ತು ಔದ್ಯೋಗಿಕ ಸಂಶೋಧನಾ ಮಂಡಲಿಯು 2017ರಲ್ಲಿ ‘ಜಿಜ್ಞಾಸಾ’ ಎಂಬ ಯೋಜನೆಯನ್ನು ಆರಂಭಿಸಿ, ತನ್ನ ಪ್ರಯೋಗಶಾಲೆಗಳನ್ನು ಕೇಂದ್ರೀಯ ವಿದ್ಯಾಲಯಗಳೊಡನೆ ಜೋಡಿಸಿತು. ಗೋವೆಯ ಸಮುದ್ರವಿಜ್ಞಾನ ಸಂಸ್ಥೆಯೂ ಆ ಮಂಡಲಿಗೆ ಸೇರಿದುದೇ. 2022ರಲ್ಲಿ ಭಾರತ ಸರಕಾರದ ವಿಜ್ಞಾನ ಇಲಾಖೆಯು ವಿಜ್ಞಾನಿಗಳ ಸಾಮಾಜಿಕ ಹೊಣೆಯ ಬಗ್ಗೆ ಮಾರ್ಗಸೂಚಿಯನ್ನು ಪ್ರಕಟಿಸಿ, ಪ್ರತಿಯೊಬ್ಬನೂ ವರ್ಷಕ್ಕೆ ಕನಿಷ್ಠ ಹತ್ತು ದಿನಗಳನ್ನಾದರೂ ತನ್ನ ವಿದ್ಯೆಯನ್ನು ಸಮಾಜಕ್ಕೆ ಹಂಚಲು ಮೀಸಲಿಡಬೇಕೆಂದು ಸೂಚಿಸಿತು.

ಹೈದರಾಬಾದಿನ ಇನ್ಕಾಯಿಸ್ ಕೇಂದ್ರದ ಕೆಲಸವನ್ನು ಇಲ್ಲಿ ಸ್ಮರಿಸಲೇಬೇಕು. ಕೃತಕ ಉಪಗ್ರಹಗಳ ಮೂಲಕ ಕಡಲ ಮೇಲ್ಮೈಯ ಉಷ್ಣತೆಯನ್ನೂ, ನೀರಿನಲ್ಲಿ ತೇಲುವ ಸೂಕ್ಷ್ಮ ಸಸ್ಯಗಳ ಹಸಿರನ್ನೂ ಅಳೆದು, ಮೀನು ಸಿಗಬಹುದಾದ ತಾಣಗಳನ್ನು ಅದು ಸೂಚಿಸುತ್ತದೆ. ಈ ಸೂಚನೆಯು ಕನ್ನಡವೂ ಸೇರಿದಂತೆ ಕರಾವಳಿಯ ಭಾಷೆಗಳಲ್ಲಿ ದೊರೆಯುತ್ತದೆ. ಸುನಾಮಿಯ ಎಚ್ಚರಿಕೆ ನೀಡುವ ಕೇಂದ್ರವೂ 2007ರಿಂದ ಅಲ್ಲಿಯೇ ಇದೆ. ಆದರೆ ಯಂತ್ರವು ಕೊಟ್ಟ ಎಚ್ಚರಿಕೆ ಕೊನೆಯ ಮನೆಯವರೆಗೆ ಮುಟ್ಟಿ, ಆ ಮನೆಯವರು ಎತ್ತ ಓಡಬೇಕೆಂಬುದನ್ನು ಮೊದಲೇ ಬಲ್ಲವರಾಗಿದ್ದರೆ ಮಾತ್ರ ಸಾರ್ಥಕ. ಈ ನೆಲೆಯಲ್ಲಿ ಒಡಿಶಾದ ವೆಂಕಟರಾಯಪುರ, ನೋಲಿಯಾಸಾಹಿ ಎಂಬೆರಡು ಹಳ್ಳಿಗಳು ನಕ್ಷೆಗಳನ್ನು ಬರೆಸಿ, ಫಲಕಗಳನ್ನು ನೆಟ್ಟು, ಅಣಕು ಅಭ್ಯಾಸ ನಡೆಸಿ, 2020ರಲ್ಲಿ ಯುನೆಸ್ಕೊದ ಸಾಗರ ಆಯೋಗದಿಂದ ‘ಸುನಾಮಿಗೆ ಸನ್ನದ್ಧ’ ಎಂಬ ಮನ್ನಣೆ ಪಡೆದವು. 2024ರಲ್ಲಿ ಅದೇ ರಾಜ್ಯದ 24 ಹಳ್ಳಿಗಳಿಗೆ ಈ ಗೌರವ ಸಂದಿತು. ನಮ್ಮ ಕರಾವಳಿಯ ಊರುಗಳೂ ಈ ಪಟ್ಟಿಗೆ ಸೇರಲೆಂದು ಹಾರೈಸುವುದು ತಪ್ಪಲ್ಲವಷ್ಟೆ?

ಮುಂಬಯಿಯಲ್ಲಿಯೇ ಕೆಲವು ತರುಣರು 2017ರಲ್ಲಿ ‘ಮೆರೀನ್ ಲೈಫ್ ಆಫ್ ಮುಂಬಯಿ’ ಎಂಬ ಹೆಸರಿನಲ್ಲಿ ಕೂಡಿ, ಇಳಿತದ ಹೊತ್ತಿಗೆ ಜನರನ್ನು ದಂಡೆಯ ಬಂಡೆಗಳ ಬಳಿಗೆ ಕರೆದೊಯ್ದು ಹವಳ, ಏಡಿ, ಕಡಲಹೂಗಳನ್ನು ತೋರಿಸುವ ಕಾರ್ಯವನ್ನು ಆರಂಭಿಸಿದರು. ಹಾಜಿ ಅಲಿಯ ಬಳಿಯೂ ಜುಹುವಿನಲ್ಲಿಯೂ ಹವಳದ ಜೀವಿಗಳಿವೆಯೆಂದರೆ, ದಿನವೂ ಆ ದಾರಿಯಲ್ಲಿ ಬಸ್ಸು ಹಿಡಿಯುವ ನಮ್ಮವರಲ್ಲಿ ಎಷ್ಟು ಮಂದಿ ನಂಬಿಯಾರು?

ನಮ್ಮ ನಿತ್ಯದ ಬಾಳಿಗೇನು ಸಂಬಂಧ?

“ಇದೆಲ್ಲ ಓದಿದವರ ಮಾತಾಯಿತು, ತಟ್ಟೆ ತೊಳೆಯುವವನಿಗೂ ಕಡತ ಬರೆಯುವವನಿಗೂ ಇದರಿಂದೇನು?” ಎಂದು ಕೇಳುವವರಿರಬಹುದು. ಮೂರು ಸಂಗತಿಗಳನ್ನು ಅವರ ಮುಂದಿಡುತ್ತೇವೆ.

ಮೊದಲನೆಯದು ಭರತ. ಚಂದ್ರನು ದಿನವೂ ಸುಮಾರು 50 ನಿಮಿಷ ತಡವಾಗಿ ಮೂಡುವುದರಿಂದ ಭರತವೂ ಅಷ್ಟೇ ತಡವಾಗಿ ಬರುತ್ತದೆ. ಒಂದು ಭರತಕ್ಕೂ ಮುಂದಿನದಕ್ಕೂ ನಡುವೆ 12 ಗಂಟೆ 25 ನಿಮಿಷಗಳ ಅಂತರ. ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿನಲ್ಲಿ ಅದರ ಎತ್ತರ ಹೆಚ್ಚು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿಯಿತು. ಅದೇ ಅಪರಾಹ್ನ ಕಡಲಿಗೆ ಭರತ ಬಂದಿದ್ದುದರಿಂದ ನಗರದ ಚರಂಡಿಗಳ ನೀರು ಹೊರಕ್ಕೆ ಹರಿಯಲಾರದೆ ಊರೊಳಗೇ ನಿಂತಿತು. ದಫ್ತರುಗಳಿಂದ ಮನೆಗೆ ಎದೆಮಟ್ಟದ ನೀರಿನಲ್ಲಿ ನಡೆದ ಗುಮಾಸ್ತರೆಷ್ಟೋ! ಮಳೆಗಾಲದಲ್ಲಿ ಭರತದ ಹೊತ್ತನ್ನು ತಿಳಿದಿರುವವನು ಹೊರಡುವ ಹೊತ್ತನ್ನು ಹಿಂದುಮುಂದು ಮಾಡಿಕೊಳ್ಳಬಲ್ಲನು.

ಎರಡನೆಯದು ವಾರದ ರಜೆಯ ವಿಹಾರ. ಹೋಟೆಲಿನ ಹುಡುಗರು ರಜೆ ಸಿಕ್ಕಿದೊಡನೆ ಜುಹುವಿಗೋ ವರ್ಸೋವಾಕ್ಕೋ ಧಾವಿಸುತ್ತಾರೆ. ನೀರಿಗಿಳಿದವರು ಮರಳದ ವರದಿಯು ಪ್ರತಿ ಮಳೆಗಾಲದಲ್ಲಿಯೂ ಪತ್ರಿಕೆಗೆ ಬರುತ್ತದೆ. ದಂಡೆಯಿಂದ ಹೊರಮುಖವಾಗಿ ರಭಸದಿಂದ ಹರಿಯುವ ಕಿರಿದಾದ ಸೆಳೆತವು ಒಳ್ಳೆಯ ಈಜುಗಾರನನ್ನೂ ಒಯ್ಯಬಲ್ಲದು. ಅದರಲ್ಲಿ ಸಿಕ್ಕಿದವನು ನೇರವಾಗಿ ದಂಡೆಯ ಕಡೆಗೆ ಈಜಲು ಹೆಣಗಿದರೆ ಬಳಲಿ ಮುಳುಗುತ್ತಾನೆ. ಗಾಬರಿಗೊಳ್ಳದೆ ದಂಡೆಗೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ಸೆಳೆತದಿಂದ ಹೊರಬಂದ ಮೇಲೆ ದಡದತ್ತ ತಿರುಗಬೇಕು. ಮಳೆಗಾಲದಲ್ಲಿ ನೀರಿಗಿಳಿಯದಿರುವುದು ಎಲ್ಲಕ್ಕಿಂತ ಲೇಸು. ಇಷ್ಟನ್ನು ಹೇಳಿಕೊಡಲು ಐದು ನಿಮಿಷ ಸಾಕು. ಹೇಳದೆ ಬಿಟ್ಟರೆ ಊರಿನಲ್ಲಿ ತಾಯಿಯೊಬ್ಬಳು ಮಗನ ಹಾದಿ ಕಾಯುತ್ತ ಕುಳಿತಿರುತ್ತಾಳೆ.

ಮೂರನೆಯದು ನಮ್ಮ ಮೀನೂಟದ ಹೋಟೆಲುಗಳು. ಬಂಗುಡೆ, ಬೂತಾಯಿ, ಮಾಂಜಿ, ಕಾಣೆಗಳು ಪ್ರಾಯಕ್ಕೆ ಬರುವ ಮೊದಲೇ ಬಲೆಗೆ ಬಿದ್ದರೆ ಮೊಟ್ಟೆಯಿಡುವ ಮೀನು ಎಲ್ಲಿ ಉಳಿಯಬೇಕು? ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಇಂತಿಂಥ ಮೀನನ್ನು ಇಂತಿಷ್ಟು ಉದ್ದಕ್ಕಿಂತ ಚಿಕ್ಕದಾಗಿರುವಾಗ ಹಿಡಿಯಲಾಗದೆಂದು ಶಿಫಾರಸು ಮಾಡಿದರು. ಕೇರಳವು 2015ರಲ್ಲಿ ಮೊದಲಾಗಿ ಇದನ್ನು ಜಾರಿಗೆ ತಂದಿತು. ಬೂತಾಯಿಗೆ 10 ಸೆಂಟಿಮೀಟರ್, ಬಂಗುಡೆಗೆ 14 ಸೆಂಟಿಮೀಟರ್ ಅಲ್ಲಿನ ಕನಿಷ್ಠ ಅಳತೆ. ಮಹಾರಾಷ್ಟ್ರ ಸರಕಾರವು 2023ರಲ್ಲಿ 54 ಜಾತಿಗಳಿಗೆ ಇಂಥ ಮಿತಿಯನ್ನು ವಿಧಿಸಿತು. ಬೂತಾಯಿಯ ಏರಿಳಿತಕ್ಕೆ ಕಡಲಿನ ಕಾವೂ ಕಾರಣ. ಪೆಸಿಫಿಕ್ ಸಾಗರದಲ್ಲಿ ಎಲ್ ನಿನೊ ಎಂಬ ಬಿಸಿನೀರಿನ ವಿಕಾರವು ತಲೆದೋರಿದ ವರ್ಷಗಳಲ್ಲಿ ಅದು ನಮ್ಮ ತೀರದಲ್ಲಿ ಕ್ಷೀಣಿಸುತ್ತದೆಂದು ಅವರು ಹೇಳುತ್ತಾರೆ. ಕಾವನ್ನು ತಡೆಯುವುದು ನಮ್ಮ ಕೈಯಲ್ಲಿಲ್ಲ. ಮರಿಮೀನನ್ನು ಕೊಳ್ಳದಿರುವುದು ನಮ್ಮ ಕೈಯಲ್ಲಿದೆ. ಬೆಳಗಿನ ಜಾವ ಬಂದರಿಗೆ ಮೀನು ಕೊಳ್ಳಲು ಹೋಗುವ ನಮ್ಮ ನೌಕರನ ಚೀಲದಲ್ಲಿ ಒಂದು ಅಳತೆಪಟ್ಟಿಯಿದ್ದರೆ, ಆತನೂ ಕಡಲ ಉಪಾಧ್ಯಾಯನೇ ಸರಿ.

ಕನ್ನಡದ ಹೊಣೆ

ಕನ್ನಡಕ್ಕೆ ಈ ಕಾರ್ಯ ಹೊಸದಲ್ಲ. ಕರಾವಳಿಯವರೇ ಆದ ಕೋಟ ಶಿವರಾಮ ಕಾರಂತರು ಮಕ್ಕಳಿಗಾಗಿ ‘ಬಾಲ ಪ್ರಪಂಚ’ವನ್ನೂ, ಬಳಿಕ ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ವನ್ನೂ ಬರೆದು, ಜ್ಞಾನವನ್ನು ತಾಯ್ನುಡಿಗೆ ಇಳಿಸುವ ಹಾದಿ ತೋರಿದರು. ಒಬ್ಬರೇ ಅಷ್ಟು ಮಾಡಿದರೆಂದಮೇಲೆ, ವಿಜ್ಞಾನಿಗಳೂ ಉಪಾಧ್ಯಾಯರೂ ಕೂಡಿದರೆ ಎಷ್ಟು ಆಗಲಾರದು? ಪದಗಳಿಗಾಗಿ ಪರದಾಡಬೇಕಾಗಿಲ್ಲ. ನಮ್ಮ ಮೊಗವೀರ ಬಂಧುಗಳ ಬಾಯಲ್ಲಿ ಭರತ, ಇಳಿತ, ಸೆಳೆತ, ಸುಳಿಗಳಿಗೆ ಬೇಕಾದ ಮಾತುಗಳು ಸಿದ್ಧವಾಗಿಯೇ ಇವೆ. ಪಂಡಿತರು ಅವರ ಬಳಿ ಕುಳಿತು ಕೇಳಬೇಕು, ಅಷ್ಟೆ.

ಮುಂಬಯಿಯ ಕನ್ನಡಿಗರಿಗೆ ಇನ್ನೊಂದು ಅನುಕೂಲವಿದೆ. ಗೋವೆಯ ಸಮುದ್ರವಿಜ್ಞಾನ ಸಂಸ್ಥೆಯ ಪ್ರಾದೇಶಿಕ ಕೇಂದ್ರ, ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಶಾಖೆ, 1961ರಲ್ಲಿ ಸ್ಥಾಪಿತವಾದ ಕೇಂದ್ರೀಯ ಮೀನುಗಾರಿಕಾ ಶಿಕ್ಷಣ ಸಂಸ್ಥೆ – ಈ ಮೂರೂ ಇರುವುದು ಅಂಧೇರಿ-ವರ್ಸೋವಾ ಭಾಗದಲ್ಲಿಯೇ. ನಮ್ಮ ಸಂಘಗಳ ಸಭಾಗೃಹಗಳೂ ಅಲ್ಲಿಂದ ದೂರವಿಲ್ಲ. ಹಗಲೆಲ್ಲ ಹೋಟೆಲುಗಳಲ್ಲಿ ದುಡಿದ ಹುಡುಗರಿಗೆ ರಾತ್ರಿ ಶಾಲೆಗಳಲ್ಲಿ ಅಕ್ಷರ ಕಲಿಸಿ, ಎಸ್.ಎಸ್.ಸಿ. ದಾಟಿಸಿದ ಉಪಾಧ್ಯಾಯರ ಪರಂಪರೆ ನಮ್ಮದು. ನಿದ್ದೆ ತೂಗುವ ಕಣ್ಣುಗಳಿಗೆ ಪಾಠ ಹತ್ತಿಸುವ ಬಗೆ ಅವರಿಗಿಂತ ಚೆನ್ನಾಗಿ ಬಲ್ಲವರಾರು? ಯಕ್ಷಗಾನಕ್ಕೂ ಸತ್ಯನಾರಾಯಣ ಪೂಜೆಗೂ ನೆರೆಯುವ ನಮ್ಮ ಸಂಘಗಳು ವರ್ಷಕ್ಕೆರಡು ಬಾರಿ ಒಬ್ಬ ಸಮುದ್ರವಿಜ್ಞಾನಿಯನ್ನೂ ಒಬ್ಬ ಅನುಭವಿ ಉಪಾಧ್ಯಾಯರನ್ನೂ ಜೊತೆಯಾಗಿ ಕರೆಸಿ, ಮೊದಲು ಅವರಿಬ್ಬರನ್ನೇ ಮಾತಿಗೆ ಕೂಡಿಸಿ, ಆಮೇಲೆ ಸಭೆಯ ಮುಂದೆ ನಿಲ್ಲಿಸಲಿ. ವಿಜ್ಞಾನಿ ಒಬ್ಬನನ್ನೇ ಕರೆದರೆ ಹಾರ, ತುರಾಯಿ, ವಂದನಾರ್ಪಣೆಗಳಲ್ಲಿ ಕೆಲಸ ಮುಗಿದುಹೋಗುವ ಸಂಭವವುಂಟು.

ಬೆಟ್ಟದ ನೆಲ್ಲಿಕಾಯಿಯೂ ಕಡಲಿನ ಉಪ್ಪೂ ಭರಣಿಯಲ್ಲಿ ಕೂಡಿದಾಗಲೇ ಉಪ್ಪಿನಕಾಯಿ ಆಗುವುದು. ಆ ಭರಣಿಯನ್ನು ಒದಗಿಸುವ ಕೆಲಸ ವಿಜ್ಞಾನಿಯದೂ ಅಲ್ಲ, ಉಪಾಧ್ಯಾಯನದೂ ಅಲ್ಲ. ಅವರಿಬ್ಬರ ವಿದ್ಯೆಯ ಅಗತ್ಯವಿರುವ ನಮ್ಮದು. ಬರುವ ಮಳೆಗಾಲಕ್ಕೆ ಮುನ್ನ ಯಾವುದಾದರೊಂದು ಸಂಘವು ಈ ಕಾರ್ಯಕ್ಕೆ ನಾಂದಿ ಹಾಡುವುದಾದರೆ, ಅದರ ವಾರ್ತೆಯನ್ನು ಸಂತೋಷದಿಂದ ಪ್ರಕಟಿಸಲು ಈ ಪತ್ರಿಕೆಯು ಸಿದ್ಧವಿದೆ.